ಶಾಂತಕ್ಕ ಡೇರೆಗೆ ನೆಂಟಳಾಗಿ ಹೋದದ್ದು

“ನಂಗೆ ಬಂಗಾರ ಬ್ಯಾಡ, ರೇಷ್ಮೆ ಸೀರೆ ಬ್ಯಾಡ, ಕಾಶಿ ತೋರ್ಸಿ ಅಂತ್ಲೂ ನಾ ಯಾರನ್ನೂ ಕೇಳ್ಲಿಲ್ಲ. ಒಂದು ದಿನ, ಒಂದೇ ಒಂದು ದಿನ ನೆಂಟಳಾಗಿ ಕೂರ್ಬೇಕು ಮಾರಾಯ್ತಿ. ಹೋದ ಕೂಡ್ಲೆ ಕಾಲಿಗೆ ನೀರು ಕೊಡ್ಬೇಕು. ಬೆಲ್ಲ ಇಟ್ಟು ಬಾಯಾರಿಕೆಗೆ ಎಂತ ಕೊಡ್ಲಿ ಅಂತ ಕೇಳ್ಬೇಕು. ಎಷ್ಟು ಸಪೂರ ಆಗೀರಿ ಅಂತ ಸುಳ್ಳಾದ್ರೂ ಹೇಳ್ಬೇಕು. ಎಲೆ ಹಾಕಿ ಕೂರ್ಸಿ ಬಡಿಸ್ಬೇಕು. ಇನ್ನೊಂದು ಸೌಟು ಹುಳಿ ಅಂತಾರೆ, ನಾ ಬ್ಯಾಡ ಅಂತೀನಿ. ಸ್ವಲ್ಪವೇ ಸ್ವಲ್ಪ ಅಂತಾರೆ, ನಾ ಸಾಕೇ ಸಾಕು ಅಂತೀನಿ. ‘ಹಾಗಾದ್ರೆ ನಮ್ಮನೆ ಊಟ ಸೇರ್ಲಿಲ್ಲ’ ಅಂತ ಅವ್ರು ಮುಖ ಸಣ್ಣ ಮಾಡ್ತಾರೆ. ನಾ ಎಲೆ ಮೇಲೆ ಎರಡೂ ಕೈ ಅಡ್ಡ ಹಿಡೀತೀನಿ. ಅವ್ರು ಬಿಡದೆ ನನ್ನ ಬೆರಳ ಸಂದೀಲೇ ಸುರೀಬೇಕು. ಆಮೇಲೆ, ಇದೆಂಥ ಒತ್ತಾಯ ಇವ್ರದ್ದು ಅಂತ ಬೈಕೊಳ್ತಾ ಬೈಕೊಳ್ತಾ ನಾ ಹೊಟ್ಟೆ ತುಂಬ ಉಣ್ಬೇಕು. ಅದು ನೋಡು ಸುಖ ಅಂದ್ರೆ. ಆ ಸುಖ ನಾ ಊರಿಗೆಲ್ಲ ಕೊಟ್ಟೀನಿ. ನಂಗೆ ಯಾರು ಕೊಟ್ರು?”

ಅಡ್ಡಗದ್ದೆಯ ಶಾಂತಕ್ಕ ಈ ಮಾತನ್ನು ತನ್ನ ಗೆಳತಿ ಸೀತಕ್ಕನಿಗೆ ಹೇಳಿದ್ದು. ಆದರೆ ಹೇಳಿದ್ದು ಜಗಲಿಯ ತುದಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಗಂಡಸರಿಬ್ಬರ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ. ಇಬ್ಬರಲ್ಲಿ ಒಬ್ಬ ಅವಳ ಗಂಡ ಸುಬ್ಬಯ್ಯ, ಇನ್ನೊಬ್ಬ ಸೀತಕ್ಕನ ಗಂಡ ಮಂಜಪ್ಪ. ಸುಬ್ಬಯ್ಯ ಈ ಮಾತನ್ನು ಮೊದಲೂ ಕೇಳಿದವನೇ ಆದ್ದರಿಂದ ಅಡಿಕೆ ಹೋಳನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ದಾಟಿಸಿದ.

ಶಾಂತಕ್ಕನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಶೃಂಗೇರಿಗೆ ದೇವರ ದರ್ಶನಕ್ಕೆ ಹೋಗುವವರು, ಕಿಗ್ಗಕ್ಕೆ ಪೂಜೆಗೆ ಹೋಗುವವರು, ಬಸ್ಸು ತಪ್ಪಿದವರು, ಬಸ್ಸು ಬೇಗ ಸಿಕ್ಕಿಬಿಟ್ಟವರು, ಎಲ್ಲರಿಗೂ ಅವಳ ಮನೆ ದಾರಿಯಲ್ಲೇ ಸಿಗುತ್ತಿತ್ತು. ದಾರಿಯಲ್ಲಿಲ್ಲದವರು ಸುತ್ತುಬಳಸಿ ಅದನ್ನು ದಾರಿ ಮಾಡಿಕೊಳ್ಳುತ್ತಿದ್ದರು. ಅವಳ ಉಪಚಾರದ ಹೆಸರು ಅಂಥದ್ದು. ‘ಬೇಡ’ ಅಂದವನ ಮುಖ ನೋಡಿ ಅದು ಎಷ್ಟನೆಯ ಬೇಡ, ಇನ್ನೆಷ್ಟು ಬೇಡಗಳ ನಂತರ ಬಡಿಸಬೇಕು ಅನ್ನುವುದು ಅವಳಿಗೆ ತಿಳಿಯುತ್ತಿತ್ತು. ಅವಳ ಮನೆಯಿಂದ ಹಸಿದು ಎದ್ದವರಿಲ್ಲ, ಸಲೀಸಾಗಿ ಎದ್ದವರೂ ಇಲ್ಲ.

ತಾನು ನೆಂಟಳಾಗಲು ಮಾತ್ರ ಅವಳಿಗೆ ಮನೆಯೇ ಇರಲಿಲ್ಲ. ತವರಿನ ಅಣ್ಣ ತೀರಿಕೊಂಡು ಅತ್ತಿಗೆ ಮಗಳ ಮನೆ ಸೇರಿದ ಮೇಲೆ ಆ ಬಾಗಿಲು ಮುಚ್ಚಿತ್ತು. ಬೇರೆ ನೆಂಟರ ಮನೆಗೆ ಹೋದರೆ, “ಸದ್ಯ, ಶಾಂತಕ್ಕ ಬಂದ್ಲು” ಅಂತ ಅವಳ ಕೈಗೇ ಸೌಟು ಕೊಟ್ಟುಬಿಡುತ್ತಿದ್ದರು. ಅವಳೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಂಕ್ತಿಯ ಮಧ್ಯೆ ನಿಂತುಬಿಡುವವಳೇ. ಮನೆಯಲ್ಲಿ ಸೊಸೆ ಚೇತನಾ ಬಂದು ಆರು ವರ್ಷವಾಗಿತ್ತು. ಅಡುಗೆಯೆಲ್ಲ ಅವಳದೇ. ಬಡಿಸಲು ಬಂದರೆ ಮಾತ್ರ, “ನಿಂಗೆ ಗೊತ್ತಾಗಲ್ಲ, ಇಲ್ಲಿ ಕೊಡು” ಅಂತ ಶಾಂತಕ್ಕ ಸೌಟು ಕಿತ್ತುಕೊಳ್ಳುತ್ತಿದ್ದಳು. ಇದನ್ನು ಅವಳಿಗೆ ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಸೀತಕ್ಕನಿಗೆ ಇತ್ತು. ಅವಳು ಬೆಳೆದದ್ದು ಒಡಹುಟ್ಟಿದವರು ತುಂಬಿ ತುಳುಕುವ ಮನೆಯಲ್ಲಿ. ಅಲ್ಲಿ ಬೇಡ ಅಂದವರ ಪಾಲು ಪಕ್ಕದವರ ಎಲೆಗೆ ಹೋಗುತ್ತಿತ್ತು. ಹಾಗಾಗಿ ಅವಳಿಗೆ ಬೇಕಾದ್ದನ್ನು ಬೇಕು ಅಂತಲೇ ಹೇಳಿ ಅಭ್ಯಾಸ. ಅವಳು ಹೇಳಿದಳು, ನೀನು ನೆಂಟಳಾಗಬೇಕಾದರೆ ಅಡುಗೆಮನೆಯೇ ಇಲ್ಲದ ಕಡೆಗೆ ಹೋಗಬೇಕು, ಮನೆ ಇದ್ದಲ್ಲಿ ನೀನು ಸುಮ್ಮನೆ ಕೂರುವವಳಲ್ಲ ಅಂತ. ಆ ಮಾತಿನಿಂದಲೇ ಡೇರೆಯ ಯೋಚನೆ ಬಂದದ್ದು.

ಸೀತಕ್ಕ-ಮಂಜಪ್ಪರ ಮನೆ ಕೊಪ್ಪದ ಹತ್ತಿರ. ಅವತ್ತು ಅವರ ಜೊತೆ ಬಂದಿದ್ದ ಮಗ ಧರ್ಮೇಶ ಹೈಸ್ಕೂಲು ಮೇಷ್ಟ್ರು. ಮಕ್ಕಳನ್ನು ಶಿಬಿರಕ್ಕೆ ಕರೆದುಕೊಂಡು ಹೋಗಿ ಅವನಿಗೆ ಡೇರೆ ಹಾಕುವುದು ಗೊತ್ತಿತ್ತು. ಅಡಿಕೆ ಕೊಯ್ಲು ಮುಗಿದು ಕೈ ಬಿಡುವಾದ ದಿನಗಳವು. ನರಸಿಂಹರಾಜಪುರದ ಹತ್ತಿರ ಭದ್ರೆಯ ಹಿನ್ನೀರು ಬೇಸಿಗೆಗೆ ಹಿಂದೆ ಸರಿದು, ಸರಿದ ಜಾಗದಲ್ಲೆಲ್ಲ ಹಸಿರು ಹುಲ್ಲು ಎದ್ದಿರುತ್ತದೆ, ಎರಡು ದಿನ ಅಲ್ಲಿ ಹೋಗಿ ಇದ್ದು ಬರೋಣ, ಅಡುಗೆಯೂ ಬಡಿಸುವುದೂ ತನ್ನದು ಮತ್ತು ಹೆಂಡತಿ ರಮ್ಯಳದು ಅಂತ ಧರ್ಮೇಶ ಹೇಳಿದ.

ಸುಬ್ಬಯ್ಯ ಆಗ ಬಾಯಿಯ ಎಲೆಯಡಿಕೆ ಉಗಿದು ಬಂದು ಒಂದು ಮಾತು ಆಡಿದ.

“ಇವ್ಳು ಸೌಟು ಮುಟ್ಟದೆ ಎರಡು ದಿನ ಇರ್ಲಿ ನೋಡೋಣ. ಮುಟ್ಟಿದ್ಲೋ, ಈ ನೆಂಟಳಾಗೋ ಭಾಷಣ ಇನ್ನು ಯಾರ ಎದ್ರೂ ಮಾಡ್ಬಾರ್ದು. ಆಗ್ಬಹುದಾ?”

“ಆಯ್ತು” ಅಂದಳು ಶಾಂತಕ್ಕ. “ನೀವೇ ಸಾಕ್ಷಿ.”

ಹಗುರವಾಗಿ ಅಂದಳು, ಆದರೆ ಒಳಗೆ ಅದು ಹಗುರವಾಗಿರಲಿಲ್ಲ. ಭಾಷಣ ಅಂತ ಗಂಡ ಕರೆದದ್ದು ಅವಳಿಗೆ ಇದ್ದ ಒಂದೇ ಆಸೆ. ಅದನ್ನು ಬಾಯಲ್ಲಿ ಹೇಳಿಕೊಳ್ಳುವುದೂ ತಪ್ಪಿಹೋದರೆ ಉಳಿಯುವುದು ಏನು? ಈ ಸಲ ನೆಂಟಳಾಗಿಯೇ ತೀರಬೇಕು ಅಂತ ಅವಳು ಗಟ್ಟಿ ಮಾಡಿಕೊಂಡಳು.

ಹೊರಡುವ ದಿನ ಮಂಜಪ್ಪನ ಜೀಪು ಬಂದಾಗ ಶಾಂತಕ್ಕ ಮದುವೆಗೆ ಹೊರಟವಳ ಹಾಗೆ ಒಳ್ಳೆಯ ಸೀರೆ ಉಟ್ಟು, ತಲೆಗೆ ಹೂ ಮುಡಿದು ನಿಂತಿದ್ದಳು. ಚೇತನಾ ಚಕ್ಕುಲಿಯ ಡಬ್ಬಿ ತಂದುಕೊಟ್ಟರೆ, ನೆಂಟರು ತಿಂಡಿ ಕಟ್ಟಿಕೊಂಡು ಹೋಗುವುದುಂಟಾ ಅಂತ ವಾಪಸು ಕಳಿಸಿದಳು. ಬರಿಗೈಯಲ್ಲಿ ಹೋಗುವುದೂ ಸರಿಯಲ್ಲವಲ್ಲ, ಕೊಪ್ಪದ ಪೇಟೆಯಲ್ಲಿ ಜೀಪು ನಿಲ್ಲಿಸಿ ಒಂದು ದೊಡ್ಡ ಚಿಪ್ಪು ಬಾಳೆಹಣ್ಣು ಕೊಂಡಳು. ಜೀಪಿನಲ್ಲಿ ಎಲ್ಲರಿಗೂ ಹಸಿವಾಗಿ ಮಂಜಪ್ಪ ಆ ಹಣ್ಣಿಗೆ ಕೈ ಹಾಕಿದಾಗ, ಅದು ಡೇರೆಯವರಿಗೆ ಅಂತ ಅವಳು ತೊಡೆಯ ಮೇಲಿಟ್ಟುಕೊಂಡಳು. ಡೇರೆಯವರು ಅಂದರೆ ಜೀಪು ಓಡಿಸುತ್ತಿದ್ದ ಧರ್ಮೇಶ ಮತ್ತು ಪಕ್ಕದಲ್ಲೇ ಕೂತಿದ್ದ ರಮ್ಯ.

ಹಿನ್ನೀರಿನ ಜಾಗ ಬಂತು. ಕಣ್ಣು ಹರಿಯುವವರೆಗೆ ಹುಲ್ಲು, ಹುಲ್ಲಿನ ಆಚೆ ನೀರು, ನೀರಿನ ಆಚೆ ನೀಲಿ ಗುಡ್ಡ. ದಂಡೆಯಿಂದ ಸ್ವಲ್ಪ ಮೇಲೆ ಒಂದು ನೇರಳೆ ಮರ. ಅದರ ನೆರಳಿನಲ್ಲಿ ಧರ್ಮೇಶ ಡೇರೆ ಎಬ್ಬಿಸಿದ. ಡೇರೆ ನೆಟ್ಟಗೆ ನಿಲ್ಲುವವರೆಗೂ ಶಾಂತಕ್ಕ ಜೀಪಿನಿಂದ ಇಳಿಯಲಿಲ್ಲ. ನಿಂತ ಮೇಲೆ ಇಳಿದು, ಹೊಸದಾಗಿ ಬಂದವಳ ಹಾಗೆ ನಡೆದು ಬಂದು, ಬಾಳೆಹಣ್ಣಿನ ಚಿಪ್ಪನ್ನು ರಮ್ಯಳ ಕೈಗಿಟ್ಟು, “ಎಲ್ಲ ಚೆನ್ನಾಗಿದ್ದೀರಾ?” ಅಂತ ಕೇಳಿದಳು. ಎರಡು ಗಂಟೆ ಜೊತೆಯಲ್ಲೇ ಕೂತು ಬಂದ ರಮ್ಯ ಏನು ಹೇಳಬೇಕೋ ತಿಳಿಯದೆ, “ಚೆನ್ನಾಗಿದ್ದೀವಿ ಶಾಂತತ್ತೆ” ಅಂತ ಹಣ್ಣನ್ನು ನೇರಳೆ ಕೊಂಬೆಗೆ ನೇತುಹಾಕಿದಳು.

ಶಾಂತಕ್ಕ ಅಲ್ಲೇ ನಿಂತಳು. ಕಾಲಿಗೆ ನೀರು ಬರಲಿ ಅಂತ ಕಾದಳು. ಬಾಯಲ್ಲಿ ಹಗ್ಗ ಕಚ್ಚಿಕೊಂಡು ಗೂಟ ಬಡಿಯುತ್ತಿದ್ದ ಧರ್ಮೇಶ ಅವಳು ನಿಂತದ್ದು ನೋಡಿ, ಕಾಲು ತೊಳೆಯಬೇಕಾ ಅತ್ತೆ, ಅಲ್ಲಿದೆಯಲ್ಲ ಅಂತ ಇಡೀ ಭದ್ರಾ ನದಿಯನ್ನು ಗದ್ದದಿಂದ ತೋರಿಸಿದ.

ಮಧ್ಯಾಹ್ನದ ಊಟಕ್ಕೆ ಅನ್ನ, ಸೌತೆಕಾಯಿ ಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ, ಕೆಂಡದಲ್ಲಿ ಸುಟ್ಟ ಹಲಸಿನ ಹಪ್ಪಳ. ಹುಲ್ಲಿನ ಮೇಲೆ ಬಾಳೆ ಎಲೆ ಹಾಕಿ ಹಿರಿಯರನ್ನೆಲ್ಲ ಕೂರಿಸಿದರು. ಶಾಂತಕ್ಕ ಸೆರಗು ಸರಿಮಾಡಿಕೊಂಡು ಕೂತಳು. ಇಂಥ ಸುಖಕ್ಕೆ ಎಷ್ಟು ವರ್ಷ ಕಾದಿದ್ದಳೋ. ಮೊದಲ ಸಲ ಸ್ವಲ್ಪ ಅನ್ನ, ಸ್ವಲ್ಪ ಹುಳಿ ಹಾಕಿಸಿಕೊಂಡಳು, ಮರ್ಯಾದಸ್ಥ ನೆಂಟರು ಹಾಕಿಸಿಕೊಳ್ಳುವಷ್ಟು. ರಮ್ಯ ಎರಡನೆಯ ಸುತ್ತು ಬಂದು ಅನ್ನ ಅಂದಳು. ಶಾಂತಕ್ಕ ಹಿತವಾಗಿ ತಲೆ ಅಲ್ಲಾಡಿಸಿ “ಬ್ಯಾಡ” ಅಂದಳು.

ರಮ್ಯ ಮುಂದಿನ ಎಲೆಗೆ ಹೋದಳು.

ಪಾಪ, ಆ ಹುಡುಗಿಯ ತಪ್ಪೇನೂ ಇಲ್ಲ. ಅವಳು ಓದಿದ್ದೆಲ್ಲ ಶಿವಮೊಗ್ಗದ ಹಾಸ್ಟೆಲಿನಲ್ಲಿ. ಅಲ್ಲಿ ಬೇಡ ಅಂದರೆ ಬೇಡ. ಮದುವೆಯಾಗಿ ಬಂದದ್ದು ಸೀತಕ್ಕನ ಮನೆಗೆ, ಅಲ್ಲಂತೂ ಬೇಡ ಅನ್ನುವ ಮಾತೇ ಇಲ್ಲ. ಹಪ್ಪಳ ಹಿಡಿದು ಬಂದ ಧರ್ಮೇಶನೂ ಹಾಗೆಯೇ. ಶಾಂತಕ್ಕ ಬೆರಳಿನ ತುದಿ ಎತ್ತಿದ್ದೇ ಸಾಕು, ಒಳ್ಳೆಯದಾಯಿತು ಅನ್ನುವವನಂತೆ ಆ ಹಪ್ಪಳವನ್ನೂ ಅಮ್ಮನ ಎಲೆಗೆ ಹಾಕಿದ. ಸೀತಕ್ಕ ಹಪ್ಪಳದ ಮೇಲೆ ಹಪ್ಪಳ ಮುರಿದಳು, ಹುಳಿಗೆ ಇನ್ನಷ್ಟು ಅನ್ನ ಕೇಳಿದಳು, ಮಜ್ಜಿಗೆಗೆ ಬೇರೆ ಅನ್ನ ಕೇಳಿದಳು. ಶಾಂತಕ್ಕ ತನ್ನ ಎಲೆಯಲ್ಲಿ ಉಳಿದ ಅಗುಳುಗಳನ್ನು ಒಂದೊಂದಾಗಿ ಜೋಡಿಸಿ, ಇನ್ನೊಂದು ಸುತ್ತು ಬರಬಹುದು ಅಂತ ನಿಧಾನವಾಗಿ ಉಂಡಳು. ಸುತ್ತು ಬರಲಿಲ್ಲ. ಪಾತ್ರೆಗೆ ಮುಚ್ಚಳ ಬಿತ್ತು.

ಊಟದ ಮೇಲೆ ಎಲ್ಲರೂ ಒಂದೊಂದು ಕಡೆ ಒರಗಿದರು. ಮಂಜಪ್ಪ ಇಸ್ಪೀಟು ಹರಡಿ, ಎದುರಾಳಿ ಸುಬ್ಬಯ್ಯ ನಿದ್ದೆಹೋದ ಮೇಲೆ ಅವನ ಆಟವನ್ನೂ ತಾನೇ ಆಡಿ ಅವನನ್ನೇ ಸೋಲಿಸಿದ. ಸೀತಕ್ಕ ಸೀರೆ ಮೊಣಕಾಲಿಗೆ ಎತ್ತಿ ನೀರಿನಲ್ಲಿ ನಿಂತಳು. ಶಾಂತಕ್ಕ ಚಾಪೆಯ ಮೇಲೆ ಅಂಗಾತ ಮಲಗಿದಳು. ಹಗಲಿನ ಆಕಾಶವನ್ನು ಮಲಗಿಕೊಂಡು ನೋಡಿ ಎಷ್ಟು ಕಾಲವಾಗಿತ್ತೋ. ಕೊಕ್ಕರೆಯ ಸಾಲೊಂದು ನೀರಿನ ಕಡೆ ಹೋಯಿತು. ಸೊಂಟದ ನೋವು ಹುಲ್ಲಿಗೆ ಇಳಿದುಹೋದಂತೆ ಅನಿಸಿತು. ಯಾರು ಬಂದರು ಅಂತ ನೋಡಬೇಕಾಗಿಲ್ಲ, ಒಲೆಯ ಮೇಲೆ ಏನಿದೆ ಅಂತ ಕೇಳಬೇಕಾಗಿಲ್ಲ. ಇಷ್ಟಕ್ಕೇ ಬಂದದ್ದು ಸಾರ್ಥಕ ಅಂದುಕೊಳ್ಳುವಷ್ಟರಲ್ಲಿ ಹೊಟ್ಟೆ ಗುರ್ ಅಂದಿತು. ಆಕಾಶದಿಂದ ಕಣ್ಣು ಇಳಿಸಿದರೆ ನೇರವಾಗಿ ಕಾಣುವುದು ನೇರಳೆ ಕೊಂಬೆ, ಕೊಂಬೆಯಲ್ಲಿ ಬಾಳೆಹಣ್ಣು. ತಾನು ಕೊಟ್ಟದ್ದನ್ನು ತಾನೇ ಕಿತ್ತು ತಿನ್ನುವ ನೆಂಟರನ್ನು ಅವಳು ಈವರೆಗೆ ಕಂಡಿರಲಿಲ್ಲ. ಮಗ್ಗುಲು ಬದಲಿಸಿ ಮಲಗಿದಳು.

ಸಂಜೆಯ ಕಾಫಿಗೆ ಒಗ್ಗರಣೆ ಅವಲಕ್ಕಿ. ಒಂದು ಹಿಡಿ ತಿಂದು ಇನ್ನೊಂದು ಹಿಡಿಗೆ ಬೇಡ ಅಂದಳು. ಈ ಸಲ ಬೇಡವನ್ನು ಬಹಳ ಮೆತ್ತಗೆ, ಬೇಕು ಅನ್ನಿಸುವಷ್ಟು ಮೆತ್ತಗೆ ಅಂದಳು. ಫಲವಾಗಲಿಲ್ಲ. ಕತ್ತಲಾಗುವ ಮೊದಲೇ ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಕಾದ ಕಬ್ಬಿಣದ ಹಂಚಿನ ಮೇಲೆ ರೊಟ್ಟಿ ಉಬ್ಬುವ ವಾಸನೆಗೆ ಶಾಂತಕ್ಕನ ಕಣ್ಣಲ್ಲಿ ನೀರೇ ಬಂತು. ಒಂದು ರೊಟ್ಟಿ ತಿಂದಳು. ಎರಡನೆಯದಕ್ಕೆ ಕೈ ಅಡ್ಡ ಹಿಡಿದಳು. ಹಿಡಿದ ಕೈಯ ಬೆರಳುಗಳನ್ನು ಸಾಕಷ್ಟು ಅಗಲಿಸಿಯೇ ಹಿಡಿದಿದ್ದಳು. ಧರ್ಮೇಶ, ಅತ್ತೆಯ ಊಟ ಹಕ್ಕಿಯ ಊಟ ಅಂತ ಹೊಗಳಿ ಮುಂದೆ ಹೋದ.

ಇಷ್ಟು ಹೊತ್ತಿಗೆ ಸುಬ್ಬಯ್ಯ ಗಮನಿಸಿದ್ದ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಉಣ್ಣುವ ಹೆಂಡತಿ ಇಲ್ಲಿ ಎಲೆ ಮುಂದೆ ಸೊರಗಿ ಕೂತದ್ದು ಕಂಡು ಅವನಿಗೆ ಗಾಬರಿಯಾಯಿತು. ಹುಷಾರಿಲ್ಲವಾ ಅಂತ ಕೇಳಿದ. ಚೆನ್ನಾಗೇ ಇದ್ದೀನಿ ಅಂದಳು. ಸಿಟ್ಟಾ ಅಂತ ಕೇಳಿದ. ಯಾರ ಮೇಲೆ ಅಂದಳು. ಅವನು ಮಂಜಪ್ಪನ ಹತ್ತಿರ ಹೋಗಿ ಪಿಸುಗುಟ್ಟಿದ. ಮಂಜಪ್ಪನ ಪಿಸುಮಾತು ಆಚೆ ದಡಕ್ಕೂ ಕೇಳುವಂಥದ್ದು. ಬೇರೆಯವರು ಮಾಡಿದ ಅಡುಗೆ ಶಾಂತಕ್ಕನ ಗಂಟಲಲ್ಲಿ ಇಳಿಯುವುದುಂಟಾ ಮಾರಾಯ, ಅಂಥ ಕೈಗುಣದವಳು ಅವಳು, ಅಂತ ಅವನು ತೀರ್ಪು ಕೊಟ್ಟ. ಕೇಳಬಾರದ ಒಬ್ಬರಿಗೆ ಅದು ಕೇಳಿಸಿತು. ರೊಟ್ಟಿ ಹಂಚು ಕೆಳಗಿಳಿಸುತ್ತಿದ್ದ ರಮ್ಯ ತಲೆ ಎತ್ತಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಶಾಂತಕ್ಕನಿಗೆ ಬೆಳಗಿನ ಒಂದೂವರೆ ಇಡ್ಲಿಯ ಬಲದಲ್ಲಿ ಕಣ್ಣು ಮಂಜಾಗುತ್ತಿತ್ತು. ಮಾವಿನಕಾಯಿ ಚಿತ್ರಾನ್ನ ತಯಾರಾಗಿತ್ತು, ಎಲೆಗಳು ಬಿದ್ದಿದ್ದವು. ಆಗ ರಮ್ಯ ಚಿತ್ರಾನ್ನದ ಪಾತ್ರೆಯನ್ನು ತಂದು ಶಾಂತಕ್ಕನ ಮುಂದಿಟ್ಟು, ಸೌಟನ್ನು ಅವಳ ಕಡೆ ಚಾಚಿದಳು. ಮುಖ ಬಾಡಿತ್ತು.

“ಶಾಂತತ್ತೆ, ನಂಗೆ ನಿಮ್ಮ ಹಾಗೆ ಮಾಡೂಕೆ ಬರಲ್ಲ. ನಿನ್ನೆಯಿಂದ ನೀವು ಏನೂ ಉಂಡಿಲ್ಲ. ಬೇಕಾದ್ದು ಬೆರೆಸಿ ಸರಿ ಮಾಡಿ, ನೀವೇ ಬಡಿಸಿ. ನಂಗೇನೂ ಬೇಜಾರಿಲ್ಲ.”

ಬೇಜಾರಿಲ್ಲ ಅಂದವಳು ಸೌಟನ್ನು ಇನ್ನಷ್ಟು ಮುಂದೆ ಚಾಚಿದಳು.

ಎಲ್ಲರೂ ನೋಡುತ್ತಿದ್ದರು. ಸುಬ್ಬಯ್ಯನ ಕಣ್ಣು ಸೌಟಿನ ಮೇಲಿತ್ತು. ಶಾಂತಕ್ಕನ ಬಲಗೈ ತಾನಾಗಿಯೇ ಅರ್ಧ ಎದ್ದಿತು, ಇಷ್ಟು ವರ್ಷದ ಅಭ್ಯಾಸ. ಹಿಡಿದರೆ ಈ ಹುಡುಗಿಯ ಅಡುಗೆ ಕೆಟ್ಟದ್ದು ಅಂತ ತಾನೇ ಮುದ್ರೆ ಒತ್ತಿದ ಹಾಗೆ, ತನ್ನ ನೆಂಟಸ್ತಿಕೆಯೂ ಅಲ್ಲಿಗೆ ಮುಗಿದ ಹಾಗೆ. ಹಿಡಿಯದಿದ್ದರೆ ನಿಜ ಹೇಳಬೇಕು. ಊಟಕ್ಕೆ ಕೂತವಳು ಅನ್ನ ಕೇಳುವುದು ಅಂದರೆ ಅವಳಿಗೆ ನಾಲ್ಕು ಜನರ ಮುಂದೆ ಸೆರಗು ಜಾರಿದಷ್ಟು ನಾಚಿಕೆ. ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಆಮೇಲೆ ಮಡಿಲಿಗೆ ಬಿತ್ತು.

“ಕೂಸೇ, ನಿನ್ನ ಅಡುಗೆಗೆ ಎಂತಾಗೈತೆ? ರೊಟ್ಟಿ ವಾಸನೆಗೆ ರಾತ್ರಿಯೆಲ್ಲ ನಂಗೆ ನಿದ್ದೆ ಬರ್ಲಿಲ್ಲ. ನಂಗೆ ಹಸಿವು. ನಿನ್ನೆ ಮಧ್ಯಾಹ್ನದಿಂದ ಹಸಿವು.”

“ಮತ್ತೆ ಬ್ಯಾಡ ಬ್ಯಾಡ ಅಂದ್ರಲ್ಲ?”

“ಅಂತೀನಿ. ನೆಂಟ್ರು ಮತ್ತೆಂತ ಹೇಳ್ತಾರೆ? ನೀವು ಹಾಕ್ಬೇಕಪ್ಪ.”

ಮೊದಲು ನಕ್ಕವಳು ಸೀತಕ್ಕ. ಕೂತಲ್ಲೇ ಹಿಂದಕ್ಕೆ ಒರಗಿ, ಹೊಟ್ಟೆ ಹಿಡಿದುಕೊಂಡು, ನಿನ್ನ ಪಾಲಿನ ಹಪ್ಪಳವೆಲ್ಲ ನಾನೇ ತಿಂದೆನಲ್ಲೇ ಅಂತ ಕಣ್ಣೊರೆಸಿಕೊಂಡಳು. ರಮ್ಯಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಧರ್ಮೇಶ ತಾನು ಹಕ್ಕಿಯ ಊಟ ಅಂತ ಹೊಗಳಿದ್ದು ನೆನೆದು ಹುಲ್ಲು ಕೀಳುತ್ತ ಕೂತ.

ಸುಬ್ಬಯ್ಯ ಮಾತ್ರ ನಗಲಿಲ್ಲ. ಅವನು ತನ್ನ ಎಲೆಯ ಮುಂದಿನಿಂದ ಎದ್ದ. ರಮ್ಯಳ ಕೈಯಿಂದ ಸೌಟು ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ ಹೆಂಡತಿಯ ಮುಂದೆ ಬಗ್ಗಿ ನಿಂತ. ಹುಟ್ಟಿದಾಗಿನಿಂದ ಎಲೆಯ ಮುಂದೆಯೇ ಕೂತು ಬಂದ ಮನುಷ್ಯ ಅವನು. ಸೌಟನ್ನು ಮಣ್ಣು ಎಳೆಯುವ ಗುದ್ದಲಿಯ ಹಾಗೆ ಹಿಡಿದಿದ್ದ.

“ಹಾಕ್ಲಾ?” ಅಂದ.

“ಬ್ಯಾಡ” ಅಂದಳು ಶಾಂತಕ್ಕ.

ಅವನು ಪೆಚ್ಚಾಗಿ ನೆಟ್ಟಗಾದ.

“ಅಲ್ಲ ಮಾರಾಯ್ರೇ, ಒಂದ್ಸಲ ಕೇಳಿ ನಿಲ್ಲೂದಲ್ಲ. ಹಾಕ್ಲಾ ಅಂತ ಕೇಳೂದೂ ಅಲ್ಲ, ಇಷ್ಟು ಹಾಕ್ತೀನಿ ಅನ್ಬೇಕು.”

“ಇಷ್ಟು ಹಾಕ್ತೀನಿ.”

“ಸಾಕೇ ಸಾಕು.”

ಸುಬ್ಬಯ್ಯ ಮುಂದಿನದಕ್ಕೆ ತಡಕಾಡಿದ. ಸೀತಕ್ಕ ಹಿಂದಿನಿಂದ, ಊಟ ಸೇರಲಿಲ್ಲವಾ ಅಂತ ಕೇಳು ಅಂತ ಹೇಳಿಕೊಟ್ಟಳು. ಮಂಜಪ್ಪ, ಮುಖ ಸಣ್ಣ ಮಾಡು ಮಾರಾಯ ಅಂದ. ಸುಬ್ಬಯ್ಯ ಮುಖ ಸಣ್ಣ ಮಾಡಲು ನೋಡಿದ್ದು ಸೀನು ಬಂದವನ ಹಾಗೆ ಕಂಡಿತು. ಶಾಂತಕ್ಕ ನಗು ತಡೆದುಕೊಂಡು, ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದಳು. ಅವನು ಒಂದು ಗಳಿಗೆ ಆ ಕೈಗಳನ್ನೇ ನೋಡಿದ. ಆಮೇಲೆ ಇನ್ನು ಏನಾದರಾಗಲಿ ಅನ್ನುವವನಂತೆ ಸೌಟು ತುಂಬ ಚಿತ್ರಾನ್ನವನ್ನು ಆ ಬೆರಳುಗಳ ಮೇಲೆಯೇ ಸುರಿದ. ಅರ್ಧ ಸಂದಿಯಿಂದ ಎಲೆಗೆ ಬಿತ್ತು, ಅರ್ಧ ಬಳೆಗಳ ಮೇಲೆ ಕೂತಿತು.

“ಅಯ್ಯೋ, ಇದೆಂಥ ಒತ್ತಾಯ ನಿಮ್ದು” ಅಂದಳು ಶಾಂತಕ್ಕ.

“ಸೇರ್ತಾ?” ಅಂದ ಸುಬ್ಬಯ್ಯ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳು ತಲೆ ಆಡಿಸಿದಳು. ಬಾಯಿ ತುಂಬಿತ್ತು. ಸುಬ್ಬಯ್ಯನಿಗೆ ಈಗ ಹುರುಪು ಬಂದು ಅವನು ಯಾವ ಬೇಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾಲ್ಕನೆಯ ಸಲ ಅವಳು ನಿಜವಾಗಿಯೇ ಬೇಡ ಅಂದಾಗಲೂ ಹಾಕಿದ. ನಿಜದ ಬೇಡ ಯಾವುದು, ಬಾಯಿಮಾತಿನ ಬೇಡ ಯಾವುದು ಅಂತ ತಿಳಿಯುವ ವಿದ್ಯೆ ಒಂದೇ ಊಟದಲ್ಲಿ ಬರುವಂಥದ್ದಲ್ಲ. ಅವಳು ಒಂದು ಅಗುಳೂ ಬಿಡದೆ ಉಂಡಳು. ರಮ್ಯ ಪಕ್ಕದಲ್ಲೇ ಕೂತು ಹಪ್ಪಳ ಮುರಿದು ಮುರಿದು ಎಲೆಗಿಟ್ಟಳು. ಉಂಡೆದ್ದು ಕೈ ತೊಳೆದ ಮೇಲೆ ಶಾಂತಕ್ಕ ಯಾರಿಗೂ ಏನೂ ಎತ್ತಿಕೊಡಲಿಲ್ಲ. ನೇರಳೆ ಮರಕ್ಕೆ ಒರಗಿ ಎಲೆಯಡಿಕೆ ಹಾಕಿಕೊಂಡು, ಗಂಡಸರಿಬ್ಬರು ಎಂಜಲೆಲೆ ಎತ್ತಿ ಪಾತ್ರೆಗಳನ್ನು ದಂಡೆಗೆ ಹೊತ್ತು ಹುಲ್ಲಿನಲ್ಲಿ ತಿಕ್ಕುವುದನ್ನು ಕಣ್ಣು ಅರೆಮುಚ್ಚಿ ನೋಡಿದಳು. ತಿಕ್ಕುವ ಕ್ರಮ ಅದಲ್ಲ ಅಂತ ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿದಳು.

ಅವತ್ತು ಸಂಜೆ ಅಡ್ಡಗದ್ದೆಗೆ ಜೀಪು ಬಂದು ನಿಂತಾಗ ಇನ್ನೂ ಬಿಸಿಲು ಇತ್ತು. ಶಾಂತಕ್ಕನ ಮನೆಯಿಂದ ಧರ್ಮೇಶ ಕೇಳಿ ಕೊಂಡೊಯ್ದಿದ್ದ ಎರಡು ಪಾತ್ರೆಗಳನ್ನು ಸುಬ್ಬಯ್ಯ ಇಳಿಸಿಕೊಂಡ. ಬೆಂಕಿಗೆ ಇಡುವ ಮೊದಲು ತಳಕ್ಕೆ ಒದ್ದೆ ಬೂದಿ ಬಳಿಯಬೇಕು ಅನ್ನುವುದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಸಿ ಒಂದು ಬೆರಳು ದಪ್ಪ ಹಿಡಿದಿತ್ತು. ಶಾಂತಕ್ಕ ಒಳಗೆ ಹೋಗಿ ಒಳ್ಳೆಯ ಸೀರೆ ಕಳಚಿ, ಹಳೆಯದು ಉಟ್ಟು, ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಕುಕ್ಕುರುಗಾಲಿನಲ್ಲಿ ಕೂತಳು. ತೆಂಗಿನ ನಾರಿಗೆ ಬೂದಿ ಹಚ್ಚಿಕೊಂಡು ದೊಡ್ಡ ಪಾತ್ರೆಯನ್ನು ಬೋರಲು ಹಾಕಿದಳು. ಸುಬ್ಬಯ್ಯ ಪಕ್ಕದಲ್ಲಿ ಚೊಂಬು ಹಿಡಿದು ನಿಂತಿದ್ದ.

“ನೀರು ಹಾಕಿ” ಅಂದಳು. ಅವನು ಹಾಕಿದ. ಅವಳು ತಳ ತಿಕ್ಕತೊಡಗಿದಳು.